ಅಳ್ಳಿಯಿಂದ ಬಂದ ಮೇಡಂ

ಶೆಟ್ಟಿಹಳ್ಳಿಯ ನಾಗಲಕ್ಷ್ಮಿ ಬಿ.ಎಡ್. ಕಾಲೇಜಿಗೆ ಸೇರಿದಾಗ ಅವಳ ಮಗಳು ಆಗಲೇ ಪಿಯುಸಿಯಲ್ಲಿದ್ದಳು. ತರಗತಿಯ ಮಿಕ್ಕವರೆಲ್ಲ ಆಗಷ್ಟೇ ಡಿಗ್ರಿ ಮುಗಿಸಿ ಬಂದ ಹುಡುಗ ಹುಡುಗಿಯರು. ಮೊದಲ ದಿನ ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗ ಲೆಕ್ಚರರ್ ಬಂದರೆಂದು ಎಲ್ಲರೂ ಎದ್ದು ನಿಂತರು. ಯಾರು ಬಂದರಪ್ಪ ಎಂದು ಅವಳೂ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. “ಕೂತ್ಕೊಳ್ರಪ್ಪ, ನಾನೂ ನಿಮ್ ತರಾನೇ ಓದೋಕ್ ಬಂದಿರೋದು” ಎಂದು ಕೊನೆಯ ಬೆಂಚಿಗೆ ಹೋಗಿ ಕೂತಳು.

ಕೆಲಸಕ್ಕೆ ಹೋಗಲೇಬೇಕಾದ ಅಗತ್ಯ ಅವಳಿಗಿರಲಿಲ್ಲ. ಗಂಡ ಅಶ್ವತ್ಥ್ ಮನೆಯ ಪಕ್ಕದ ಜಾಗದಲ್ಲಿ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಬಾಡಿಗೆಗೆ ಬಂದವರು ಹೆಚ್ಚಾಗಿ ಕಲಬುರಗಿ, ಯಾದಗಿರಿ ಕಡೆಯವರು. ಗಂಡ ಹೆಂಡತಿ ಇಬ್ಬರೂ ಫ್ಯಾಕ್ಟರಿಗೆ ಹೋಗುವವರು. ಅವರು ಶಿಫ್ಟ್ ಮುಗಿಸಿ ಬರುವ ತನಕ ಮಕ್ಕಳು ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದವು. ಒಲೆಯ ಮೇಲೆ ಅನ್ನಕ್ಕಿಟ್ಟು ಹೊರಗೆ ಬಂದ ನಾಗಲಕ್ಷ್ಮಿ ಒಂದು ಸಂಜೆ ಯಾವುದೋ ಮಗುವಿನ ಕಾಗುಣಿತ ತಿದ್ದಿದಳು. ಮರುದಿನ ಅದು ಜೊತೆಗೆ ಇನ್ನಿಬ್ಬರನ್ನು ಕರೆತಂದಿತು. ಬರಬರುತ್ತ ಮೆಟ್ಟಿಲು ಸಾಲದೆ ಮಹಡಿಯ ಮೇಲೆ ಚಾಪೆ ಹಾಸಬೇಕಾಯಿತು. ಮದುವೆಯಾದ ಮೇಲೆ ಅಂಚೆ ಶಿಕ್ಷಣದಲ್ಲಿ ಓದಿ ಮುಗಿಸಿದ್ದ ಬಿ.ಎ. ಪದವಿ ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತು.

“ಎಂಗಿದ್ರೂ ಪಾಠ ಮಾಡ್ತಾನೇ ಇದೀಯ. ಅದನ್ನ ಸರ್ಯಾಗಿ ಕಲ್ತ್ಕೊಂಡೇ ಮಾಡು, ಓಗು. ಅಡ್ಗೆ ನಾನ್ ನೋಡ್ಕೊಂತೀನಿ” ಎಂದವಳು ಅತ್ತೆ ಮುನಿಕೆಂಪಮ್ಮ.

ಕಾಲೇಜು ಯಲಹಂಕದಲ್ಲಿತ್ತು. ಅಲ್ಲಿ ಶಿಕ್ಷಣದ ತತ್ತ್ವ ಬೋಧಿಸುತ್ತಿದ್ದವರು ವಿಜಯಪುರ ಜಿಲ್ಲೆಯಿಂದ ಬಂದ ಶಿವಪುತ್ರ ಸರ್. ಒಂದು ದಿನ ಅವರು ಪುಸ್ತಕ ಮುಚ್ಚಿ, “ಮಾಸ್ತರ ಆದಾಂವ ಯಾರಿಗೆ ಉತ್ತರ ಕೊಡಬೇಕ್ರಿ?” ಎಂದು ಕೇಳಿದರು. ಹೆಡ್‌ಮಾಸ್ಟರಿಗೆ ಎಂದರು ಕೆಲವರು. ಇಲಾಖೆಗೆ, ಪೋಷಕರಿಗೆ ಎಂದರು ಇನ್ನು ಕೆಲವರು. ನಾಗಲಕ್ಷ್ಮಿ “ಮಕ್ಳಿಗೆ ಸಾರ್” ಎಂದಳು.

“ಯಾವ ಮಕ್ಕಳಿಗ್ರಿ? ಇವತ್ತ ಎದುರಿಗೆ ಕುಂತಾವಲ್ಲ, ಅವಕ್ಕೋ, ಮುಂದ ದೊಡ್ಡವರಾಗಿ ನಿಮ್ಮನ್ನ ನೆನಸ್ತಾರಲ್ಲ, ಅವರಿಗೋ?”

ಎರಡೂ ಒಂದೇ ಅಲ್ಲವೇ ಎಂದುಕೊಂಡು ನಾಗಲಕ್ಷ್ಮಿ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಬೋಧನಾ ಅಭ್ಯಾಸಕ್ಕೆಂದು ಅವಳನ್ನು ಕಳಿಸಿದ್ದು ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಗೆ, ಎಂಟನೇ ತರಗತಿಗೆ ಕನ್ನಡ ಕಲಿಸಲು. ಅಲ್ಲಿನ ಕನ್ನಡ ಮೇಷ್ಟ್ರು ವಿಜಯ್ ಕುಮಾರ್ ಮಿತಭಾಷಿ. ತರಬೇತಿಯವರು ಪಾಠ ಮಾಡುವಾಗ ಹಿಂದೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಆ ತರಗತಿಯಲ್ಲಿ ಶಿವಾನಿ ಎಂಬ ಹುಡುಗಿಯಿದ್ದಳು. ಯಾದಗಿರಿಯಿಂದ ಬಂದು ವರ್ಷವಾಗಿರಲಿಲ್ಲ. ಬರೆದದ್ದು ಮುತ್ತಿನಂತೆ ಇರುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ನಾಗಲಕ್ಷ್ಮಿ ಒತ್ತಾಯಿಸಿ ಒಂದು ಪ್ರಶ್ನೆ ಕೇಳಿದಾಗ “ಗೊತ್ತೈತ್ರಿ” ಎಂದಳು. ಹಿಂದಿನ ಬೆಂಚುಗಳಿಂದ “ರೀ ರೀ” ಎಂದು ದನಿ ಬಂತು. ಹುಡುಗಿ ಕೂತುಬಿಟ್ಟಳು.

ಎರಡು ದಿನದ ನಂತರ ನಗೆಪಾಟಲಾಗುವ ಸರದಿ ನಾಗಲಕ್ಷ್ಮಿಯದು. ಊರ ಕೆರೆಯೊಂದರ ಬಗ್ಗೆ ಇದ್ದ ಗದ್ಯಪಾಠವನ್ನು ಓದುತ್ತ ಓದುತ್ತ ಅವಳಿಗೆ ತಾನು ಮೇಡಂ ಎಂಬುದೇ ಮರೆತುಹೋಯಿತು. ಮನೆಯ ಮಾತು ಹೊರಗೆ ಬಂತು: “ಅಳ್ಳಿಯ ಜನ ಕೆರೆಯ ಊಳು ತೆಗೆಯಲು ಓದರು.” ಇಡೀ ತರಗತಿ ಗೊಳ್ಳೆಂದಿತು. ಹಿಂದೆ ಕೂತ ವಿಜಯ್ ಕುಮಾರ್ ಪೆನ್ನು ಎತ್ತಿ ಹಿಡಿದು ಅವಳತ್ತ ನೋಡಿದರು. ನಗದೆ ಇದ್ದವಳು ಶಿವಾನಿ ಒಬ್ಬಳೇ.

ನಾಗಲಕ್ಷ್ಮಿಯ ಕಿವಿ ಬಿಸಿಯಾಯಿತು. ಆದರೂ ಪುಸ್ತಕ ಕೆಳಗಿಟ್ಟು, “ನಮ್ ಶೆಟ್ಟಿಹಳ್ಳೀಲಿ ಇಂಗೇ ಅನ್ನೋದು. ನಮ್ಮತ್ತೆ, ನಮ್ಮಜ್ಜಿ ಎಲ್ಲಾ ಇಂಗೇ ಮಾತಾಡಿ ಬದುಕಿರೋದು. ನಿಮ್ಮನೇಲಿ ಏನಂತೀರ, ಹೇಳಿ ನೋಡೋಣ” ಎಂದಳು. ‘ಹೀಗೆ’ ಎನ್ನುವ ಒಂದೇ ಮಾತಿಗೆ ಹಲಗೆಯ ಮೇಲೆ ಇಂಗೆ, ಹಿಂಗೆ, ಹಿಂಗ ಎಲ್ಲ ಬಂದವು. ಮನೆಯಲ್ಲಿ ತೆಲುಗು, ಉರ್ದು ಆಡುವವರೂ ತಮ್ಮ ಮಾತು ಸೇರಿಸಿದರು. ಹಸುವಿಗೆ ಏನೆನ್ನುತ್ತೀರಿ ಎಂದು ಕೇಳಿದಾಗ ಶಿವಾನಿ ಕೂತಲ್ಲಿಂದಲೇ “ಆಕಳ ಅಂತೀವ್ರಿ” ಎಂದಳು. ಈ ಸಲ ಯಾರೂ ಅಣಕಿಸಲಿಲ್ಲ, ಏಕೆಂದರೆ ಎಲ್ಲರಿಗೂ ತಮ್ಮ ಮಾತು ಹಲಗೆಗೇರಿಸುವ ಆತುರ.

ಮುಂದಿನ ದಿನಗಳಲ್ಲಿ ತರಗತಿ ಸಂತೆಯಂತಾಯಿತು. ಎಂದೂ ಕೈ ಎತ್ತದವರು ಎತ್ತಿದರು. ನಾಗಲಕ್ಷ್ಮಿ ಸಂಜೆ ಬಸ್ಸಿನಲ್ಲಿ ತನ್ನಷ್ಟಕ್ಕೆ ನಗುತ್ತ ಮನೆಗೆ ಬರುತ್ತಿದ್ದಳು.

ಆಮೇಲೆ ಘಟಕ ಪರೀಕ್ಷೆ ಬಂತು. ತಿದ್ದಿದ ಉತ್ತರಪತ್ರಿಕೆಗಳನ್ನು ವಿಜಯ್ ಕುಮಾರ್ ಸ್ಟಾಫ್ ರೂಮಿನಲ್ಲಿ ಅವಳ ಮುಂದಿಟ್ಟರು. ಪುಟದ ತುಂಬ ಅಳ್ಳಿ, ಆಲು, ಊವು. ಒಬ್ಬ ಹುಡುಗ ‘ಅವಳು ಸಭೆಯಲ್ಲಿ ಚೆನ್ನಾಗಿ ಆಡಿದಳು’ ಎಂದು ಬರೆದಿದ್ದ. ಹಾಡಿದಳೋ ಆಡಿದಳೋ ತಿಳಿಯುವಂತಿರಲಿಲ್ಲ.

ಅವರು ಬೈಯುತ್ತಾರೆಂದು ಅವಳು ಸಿದ್ಧಳಾಗಿದ್ದಳು. ಅವರು ಬೈಯಲಿಲ್ಲ.

“ಈ ಮಕ್ಳು ಮುಂಚೆ ಇಷ್ಟು ಮಾತಾಡ್ತಿರ್ಲಿಲ್ಲ ಮೇಡಂ, ಒಪ್ತೀನಿ. ಆದ್ರೆ ಎಸ್ಸೆಸ್ಸೆಲ್ಸೀಲಿ ಪೇಪರ್ ತಿದ್ದೋರಿಗೆ ಇವ್ರ ಮನೆಮಾತು ಗೊತ್ತಿರಲ್ಲ. ತಪ್ಪು ಅಂತ ಗೆರೆ ಎಳೀತಾರೆ ಅಷ್ಟೆ. ನೀವು ಟ್ರೈನಿಂಗ್ ಮುಗಿಸ್ಕೊಂಡು ಹೋಗ್ತೀರ. ಗೆರೆ ಇವ್ರ ಹತ್ರಾನೇ ಉಳ್ಕೊಳ್ಳುತ್ತೆ.”

ಬಸ್ಸಿನಲ್ಲಿ ಅಂದು ಅವಳು ನಗಲಿಲ್ಲ. ಶಿವಪುತ್ರ ಸರ್ ಕೇಳಿದ್ದ ಪ್ರಶ್ನೆ ಈಗ ಅರ್ಥವಾಗತೊಡಗಿತ್ತು. ಇಂದಿನ ಮಗುವಿನ ಬಾಯಿ ಬಿಡಿಸಿದ್ದೇನೋ ಹೌದು. ಮುಂದೆ ಅರ್ಜಿ ಬರೆಯುವ, ಇಂಟರ್‌ವ್ಯೂಗೆ ಹೋಗುವ ಅದೇ ಮಗುವನ್ನು ತಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮರುದಿನ ಕಾಲೇಜಿನಲ್ಲಿ ಸರ್ ಮುಂದೆ ಎಲ್ಲ ಹೇಳಿಕೊಂಡಳು. ಏನಾದರೂ ದಾರಿ ತೋರಿಸುತ್ತಾರೆಂದು ಕಾದಳು.

“ನನ್ನನ್ನ ಯಾಕ ಕೇಳ್ತೀರಿ? ಆ ತರಗತಿ ವಿಜಯ್ ಕುಮಾರ್ ಅವರದು. ಅವರನ್ನ ಕೇಳ್ರಿ. ಒಂದ ಶಾಲಿಯೊಳಗ ಇದ್ದು ಇಬ್ಬರು ಮಾಸ್ತರರು ಮಾತಾಡದಿದ್ರ ಮಕ್ಕಳ ಕತಿ ಏನ್ರಿ?”

ಹಾಗಾಗಿ ಅವಳು ವಿಜಯ್ ಕುಮಾರ್ ಬಳಿ ಹೋಗಿ, ಪ್ರಾರ್ಥನೆಗೆ ಮುಂಚಿನ ಸ್ವಲ್ಪ ಹೊತ್ತು ತನಗೆ ಕೊಡುತ್ತೀರಾ ಎಂದು ಕೇಳಿದಳು. ಕೊಟ್ಟದ್ದಷ್ಟೇ ಅಲ್ಲ, ಅವರೂ ಬಂದು ಜೊತೆಗೆ ನಿಂತರು. ಹಾಡು-ಆಡು, ಹೋದ-ಓದ, ಹಾಲು-ಆಲು, ಹೊಡೆ-ಒಡೆ ಎಂದು ಅವರು ಜೋಡಿ ಪದ ಬರೆದರೆ, ನಾಗಲಕ್ಷ್ಮಿ ಮಕ್ಕಳಿಗೆ ಅಂಗೈಯನ್ನು ಬಾಯಿಯ ಮುಂದೆ ಹಿಡಿಯಲು ಹೇಳಿದಳು. ಉಸಿರು ತಾಗಿದರೆ ಹಕಾರ ಬಂತೆಂದು ಅರ್ಥ. ಅವಳೂ ಕೈ ಹಿಡಿದಳು. ಅವಳ ಕೈಗೇ ಎಷ್ಟೋ ಸಲ ಉಸಿರು ತಾಗಲಿಲ್ಲ.

ಯಾದಗಿರಿ ಕಡೆಯವರ ಬಾಯಲ್ಲಿ ಹಕಾರ ಗಟ್ಟಿಯಾಗಿ ನಿಂತಿರುತ್ತದೆ. ಹೀಗಾಗಿ ಶಿವಾನಿಯೇ ಪರೀಕ್ಷಕಿಯಾದಳು. ಮೊದಮೊದಲು ಪಿಸುಮಾತಿನಲ್ಲಿ, ಆಮೇಲೆ ಕೋಣೆಯ ಕೊನೆಗೂ ಕೇಳುವಂತೆ “ಇಲ್ರಿ, ಮತ್ತೊಮ್ಮೆ ಅನ್ರಿ” ಎನ್ನುತ್ತಿದ್ದಳು. ಒಮ್ಮೆ ಮೇಡಂ ಕಡೆಗೂ ತಿರುಗಿ, “ಹಳ್ಳಿ ಅನ್ರಿ ಮೇಡಂ, ನೀವೂ” ಎಂದಳು. ವಿಜಯ್ ಕುಮಾರ್ ಕಿಟಕಿಯತ್ತ ಮುಖ ತಿರುಗಿಸಿಕೊಂಡರು. ಅವರು ನಕ್ಕದ್ದನ್ನು ಮಕ್ಕಳು ಕಂಡದ್ದು ಅಂದೇ ಮೊದಲು.

ಎಲ್ಲರೂ ಪೂರ್ತಿ ಸರಿಹೋದರು ಎನ್ನುವಂತಿಲ್ಲ. ಮುಂದಿನ ಪರೀಕ್ಷೆಯಲ್ಲಿಯೂ ಕೆಲವರು ಊವನ್ನೇ ಬರೆದರು. ಆದರೆ ಬರೆದ ಮೇಲೆ ತಾವೇ ಹೊಡೆದುಹಾಕಿ ತಿದ್ದಿದವರು ಹೆಚ್ಚಿದ್ದರು, ಮತ್ತು ಯಾರೂ ಬಾಯಿ ಮುಚ್ಚಿಕೊಳ್ಳಲಿಲ್ಲ. ಶಾಲೆಯಿಂದ ಬಂದ ವರದಿಯಲ್ಲಿ ವಿಜಯ್ ಕುಮಾರ್ ಬರೆದದ್ದು ಒಂದೇ ಸಾಲು: ‘ಇವರು ತಿದ್ದುತ್ತಾರೆ, ತಾವೂ ತಿದ್ದಿಕೊಳ್ಳುತ್ತಾರೆ.’

ನಾಗಲಕ್ಷ್ಮಿ ಈಗ ಇನ್ನೊಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಕಾಯಂ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾಳೆ. ಸಿಗುತ್ತದೋ ಇಲ್ಲವೋ ಎಂಬ ತಳಮಳ ಅಷ್ಟಿಲ್ಲ. ಈ ವರ್ಷ ಅವಳ ತರಗತಿಗೇ ತರಬೇತಿಯವರು ಬಂದಿದ್ದಾರೆ. ಅವರಲ್ಲಿ ದಿವ್ಯ ಎಂಬ ಹುಡುಗಿ ಬಣ್ಣದ ಚಾರ್ಟುಗಳ ದೊಡ್ಡ ಸುರುಳಿ ಹಿಡಿದು ಬಂದು, ಎಲ್ಲಿ ನೇತುಹಾಕಲಿ ಎಂದು ಕೇಳಿದಳು.

“ಎಲ್ಲಾದ್ರೂ ಹಾಕಮ್ಮ, ಚೆನ್ನಾಗಿವೆ. ಆದ್ರೆ ನಾಳೆವರ್ಗೂ ಪಾಠ ಬೇಡ. ಇವತ್ತು ಮಕ್ಳ ಮಧ್ಯೆ ಕೂತ್ಕೊಂಡು ಅವ್ರು ಏನ್ ಮಾತಾಡ್ತಾರೆ, ಯಾರ್ ಸುಮ್ನಿರ್ತಾರೆ, ಅಷ್ಟು ನೋಡು. ಆಮೇಲೆ ನಾವಿಬ್ರೂ ಕೂತು ಯೋಚ್ನೆ ಮಾಡೋಣ.”

ದಿವ್ಯ ಮಕ್ಕಳ ನಡುವೆ ಜಾಗ ಮಾಡಿಕೊಂಡಳು. ನಾಗಲಕ್ಷ್ಮಿ ಪದ್ಯ ಓದತೊಡಗಿದಳು. ಅಷ್ಟರಲ್ಲಿ ಯಲಹಂಕದ ಏರ್‌ಫೋರ್ಸ್ ವಿಮಾನವೊಂದು ಶಾಲೆಯ ಮೇಲೆ ಹಾದು ಕಿಟಕಿಯನ್ನು ಗಡಗಡ ಅದುರಿಸಿತು. ಮಕ್ಕಳು ಅಭ್ಯಾಸಬಲದಿಂದ ಪೆನ್ನು ಕೆಳಗಿಟ್ಟರು, ಸದ್ದು ದೂರವಾಗುವ ತನಕ ನಾಗಲಕ್ಷ್ಮಿಯೂ ಕಾದಳು. ನಂತರ ಬಿಟ್ಟ ಸಾಲಿನಿಂದ ಓದು ಮುಂದುವರಿಯಿತು.