ಬೊಜ್ಜಿಗೆ ಬೆಲೆ ಕಟ್ಟಿದವರು

ಮೇಡಂ ಅವರ ಕುರ್ಚಿಗೆ ಕೈಗಳಿರಲಿಲ್ಲ. ಬಡಗಿಯನ್ನು ಕರೆಸಿ ಎರಡನ್ನೂ ಗರಗಸದಿಂದ ಕೊಯ್ಯಿಸಿದ್ದರು. ಉಳಿದ ಮರದ ಮೋಟುಗಳಿಗೆ ಅವರ ಸೀರೆಯ ಎಳೆ ಸದಾ ಸಿಕ್ಕಿಕೊಂಡಿರುತ್ತಿತ್ತು. ಸಂಶೋಧನೆಗೆಂದು ದೆಹಲಿಗೆ ಬಂದ ನಾನು ಮೊದಲ ಸಲ ಅವರ ಕೋಣೆಯ ಬಾಗಿಲಲ್ಲಿ ನಿಂತಾಗ ನನ್ನ ದೃಷ್ಟಿ ಆ ಮೋಟುಗಳ ಮೇಲೆಯೇ ನೆಟ್ಟಿತ್ತು.

"ಏನು ನೋಡ್ತಿದ್ದೀಯಾ? ಕುರ್ಚಿಯೊಳಗೆ ನಾನು ಹಿಡಿಸಲಿಲ್ಲ, ಕುರ್ಚಿಯನ್ನೇ ಕತ್ತರಿಸಿದೆ. ಒಳಗೆ ಬಾ," ಎಂದರು. ಆ ಊರಿನಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಅದು.

ಮೇಡಂ ಆರೋಗ್ಯ ಅರ್ಥಶಾಸ್ತ್ರವನ್ನು ಬೋಧಿಸುತ್ತಿದ್ದರು. ವಸಂತ್ ಕುಂಜ್‌ನಲ್ಲಿ ತಾವು ವಾಸವಿದ್ದ ಫ್ಲ್ಯಾಟ್‌ಗಳ ಸಮುದಾಯ ಭವನದಲ್ಲಿ ತೂಕ ಇಳಿಸುವ ಕಾರ್ಯಕ್ರಮವೊಂದನ್ನು ಆರಂಭಿಸಿ, ಅದನ್ನೇ ಸಂಶೋಧನೆಯ ವಿಷಯವನ್ನಾಗಿಯೂ ಮಾಡಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ನಿವಾಸಿಗಳು ಸೇರುತ್ತಿದ್ದರು. ತೂಕ ನೋಡಿಕೊಂಡು, ಆ ವಾರ ತಿಂದದ್ದನ್ನೆಲ್ಲ ಎಲ್ಲರೆದುರು ಒಪ್ಪಿಕೊಂಡು, ಪಾರ್ಕಿನಲ್ಲಿ ನಡೆಯುತ್ತಿದ್ದರು. ಇಂಥದೊಂದು ಗುಂಪಿನಿಂದ ಆಸ್ಪತ್ರೆಯ ಖರ್ಚು ಎಷ್ಟು ತಪ್ಪುತ್ತದೆ, ದುಡಿಮೆಯ ದಿನಗಳು ಎಷ್ಟು ಉಳಿಯುತ್ತವೆ ಎಂಬುದನ್ನು ತೋರಿಸುವುದು ನಮ್ಮ ಕೆಲಸವಾಗಿತ್ತು. "ಕರುಣೆಗೆ ಬೆಲೆ ಕಟ್ಟೋಕೆ ಬರಲ್ಲ, ಬೊಜ್ಜಿಗೆ ಬರುತ್ತೆ," ಎಂಬುದು ಅವರ ನಿತ್ಯದ ಮಾತು.

ತೂಕದ ಯಂತ್ರವನ್ನು ಮೊದಲು ಹತ್ತುತ್ತಿದ್ದವರು ಅವರೇ. "ನೋಡ್ಕೊಳ್ಳಿ, ಎಚ್ಚರಿಕೆಯ ಬೋರ್ಡ್ ನಾನೇ," ಎಂದು ತಮ್ಮ ತೂಕವನ್ನು ತಾವೇ ಕೂಗಿ ಹೇಳುತ್ತಿದ್ದರು. ಆಮೇಲೆ ಯಾರಿಗೂ ರಿಯಾಯಿತಿ ಇರುತ್ತಿರಲಿಲ್ಲ. ತೂಕ ಏರಿಸಿಕೊಂಡು ಬಂದ ನಮ್ಮ ಕಡೆಯ ಅಧಿಕಾರಿಯೊಬ್ಬರಿಗೆ, "ಏನ್ ಸಾರ್, ಸರ್ಕಾರ ಪ್ರಮೋಷನ್ ಕೊಡಲಿಲ್ಲ ಅಂತ ನೀವೇ ಕೊಟ್ಕೊಂಡ್ರಾ?" ಎಂದರು. ಆತ ಮುಂದಿನ ವಾರ ಬರಲಿಲ್ಲ. "ಅವಮಾನಕ್ಕಾದ್ರೂ ಉಪವಾಸ ಇರ್ತಾರೆ ಬಿಡು," ಎಂದು ನಕ್ಕರು.

ನನ್ನನ್ನೂ ಬಿಡಲಿಲ್ಲ. ಲೆಕ್ಕದ ವಿಧಾನವನ್ನು ಕಲಿಸುವ ಮೊದಲು, "ನಿಮ್ಮಮ್ಮ ಏನು ಮಾಡ್ತಾರೆ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ತಾಯಿ ವಿದ್ಯಾರ್ಥಿನಿಲಯವೊಂದರಲ್ಲಿ ಅಡುಗೆ ಮಾಡುತ್ತಾರೆಂದು ತಿಳಿಸಿದೆ.

"ಹಾಗಾದ್ರೆ ನಿನಗೆ ಬೇಗ ಅರ್ಥ ಆಗುತ್ತೆ. ಮನುಷ್ಯರ ಆರೋಗ್ಯಕ್ಕೆ ಅವರ ಸಂಬಳವೇ ಬೆಲೆ. ಜಾಯಿಂಟ್ ಸೆಕ್ರೆಟರಿಯ ಮೊಣಕಾಲು ಚಿನ್ನ. ನಿಮ್ಮಮ್ಮನದು ಸೌದೆ."

ನಾನು ತಲೆ ತಗ್ಗಿಸಿ ಬರೆದುಕೊಂಡೆ.

ಆ ಗುಂಪಿನಲ್ಲಿ ಅಡುಗೆಯಾಕೆಯೊಬ್ಬಳಿದ್ದಳು. ಎಲ್ಲರೂ ಅವಳನ್ನು ದೀದಿ ಎನ್ನುತ್ತಿದ್ದರು. ಲಿಫ್ಟ್ ಇಲ್ಲದ ಆ ಕಟ್ಟಡಗಳಲ್ಲಿ ಮನೆಯಿಂದ ಮನೆಗೆ ಮೆಟ್ಟಿಲು ಹತ್ತುತ್ತ, ಅಲ್ಲಲ್ಲಿ ಉಳಿದ ಪೂರಿ, ಪರಾಠಾಗಳನ್ನೇ ತಿನ್ನುತ್ತ ಅವಳ ಮೈ ಊದಿಕೊಂಡಿತ್ತು. ಮೊಣಕಾಲು ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆಂಬ ಭಯ ಅವಳದು. ಅವಳನ್ನು ಗುಂಪಿಗೆ ಕರೆತಂದವರು ಮೇಡಂ ಅವರೇ. ಎಲ್ಲರಿಗಿಂತ ಹೆಚ್ಚು ತೂಕ ಇಳಿಸಿಕೊಂಡವಳೂ ಅವಳೇ.

ಭವನವನ್ನು ಭಾನುವಾರ ಹುಟ್ಟುಹಬ್ಬಗಳಿಗೆ ಬಾಡಿಗೆ ಕೊಡಬಹುದೆಂಬ ಚರ್ಚೆ ನಿವಾಸಿಗಳ ಸಂಘದಲ್ಲಿ ಎದ್ದಾಗ, ಕಾರ್ಯಕ್ರಮದ ಪ್ರಯೋಜನವನ್ನು ಸಾಬೀತುಪಡಿಸಬೇಕಾಯಿತು. ಸಭೆಯಲ್ಲಿ ಸಂಘದ ಕಾರ್ಯದರ್ಶಿಗಳು ನಮ್ಮ ವರದಿಯ ಹಾಳೆ ತಿರುವಿದರು.

"ಮೇಡಂಜೀ, ರಿಪೋರ್ಟ್ ಬಢಿಯಾ ಇದೆ. ಆದರೆ ಈ ಕೊನೆಯ ಸಾಲು, ಅಡುಗೆಯವಳದು? ಇದರಲ್ಲಿ ಲಾಭವೇ ಕಾಣಲ್ಲವಲ್ಲ? ಭವನ ನಿವಾಸಿಗಳಿಗೆ ಮಾತ್ರ ಇರಲಿ."

"ಅವಳ ಮೊಣಕಾಲು ಕೆಟ್ಟರೆ ಮೂರನೇ ಮಹಡಿಗೆ ನಿಮ್ಮ ಪರಾಠಾ ಹೇಗೆ ಬರುತ್ತೆ, ಸಾಹೇಬ್?"

"ಅರೇ, ಬೇರೆಯವಳು ಬರ್ತಾಳೆ! ಗಾರ್ಡ್‌ಗೆ ಹೇಳಿದರೆ ಸಂಜೆಯೊಳಗೆ ಬರ್ತಾಳೆ."

ಎಲ್ಲರೂ ನಕ್ಕರು. ಮೇಡಂ ಅವರ ನಾಲಗೆಯ ಏಟಿಗಾಗಿ ನಾನು ಕಾದೆ. ಅದು ಬರಲಿಲ್ಲ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬೇಗ ಸಿಗುವುದಾದರೆ ಸಮಾಜಕ್ಕೆ ಆಗುವ ನಷ್ಟ ಅಲ್ಪವೆಂದು ತರಗತಿಯಲ್ಲಿ ನಮಗೆ ಕಲಿಸಿದವರು ಅವರೇ. ಕಾರ್ಯದರ್ಶಿಗಳು ಯಾವ ಪುಸ್ತಕವನ್ನೂ ಓದದೆ ಅದನ್ನೇ ಹೇಳಿದ್ದರು. "ಸಹೀ ಹೈ, ನೀವು ಹೇಳೋದು ಸರಿ," ಎಂದು ಮೇಡಂ ಎದ್ದರು. ಕಾರ್ಯಕ್ರಮ ಉಳಿಯಿತು.

ದೀದಿಗೆ ವಿಷಯವನ್ನು ಅವರೇ ತಿಳಿಸಿದರು. ಭಾನುವಾರ ಅವಳು ಚಪ್ಪಲಿ ಕಳಚಿ ಯಂತ್ರದ ಬಳಿಗೆ ಬರುತ್ತಿದ್ದಳು. "ನೀನು ಇನ್ನು ಬರಬೇಡ. ನಿನ್ನಿಂದ ಲಾಭ ಇಲ್ಲ ಅಂತ ತೀರ್ಮಾನ ಆಗಿದೆ," ಎಂದರು.

ದೀದಿ ಬರಿಗಾಲಲ್ಲಿ ನಿಂತು ನೋಡಿದಳು. "ಮೇಡಂಜೀ, ಇಳಿದದ್ದು ನನ್ನ ತೂಕ. ಲಾಭ ಇಲ್ಲದವಳೂ ನಾನೇನಾ?"

"ಹೌದು. ಚಪ್ಪಲಿ ಹಾಕ್ಕೋ."

ಮರುದಿನ ನಾನು ವರದಿಯಿಂದ ಅವಳ ಸಾಲನ್ನು ತೆಗೆಯಲು ಹೊರಟಾಗ ಮೇಡಂ ತಡೆದರು. "ಅಳಿಸಬೇಡ. ಲಾಭ ಸೊನ್ನೆ ಅಂತ ಹಾಕು."

"ಅದು ಅನ್ಯಾಯವಲ್ಲವೇ, ಮೇಡಂ?"

"ಅನ್ಯಾಯವೇ. ಅಳಿಸಿದರೆ ನ್ಯಾಯ ಆಗಿಬಿಡುತ್ತಾ? ನಾವು ಹಾಕಿದ ಸೊನ್ನೆ ಓದೋರ ಕಣ್ಣಿಗೆ ಚುಚ್ಚಲಿ."

ಚಳಿಗಾಲದಲ್ಲಿ ದೀದಿಗೆ ಮೆಟ್ಟಿಲು ಹತ್ತಲು ಆಗದಾಯಿತು. ಕೆಲಸ ಬಿಟ್ಟು ಬಿಹಾರದ ತನ್ನ ಊರಿಗೆ ಹೋದಳು. ಕಾರ್ಯದರ್ಶಿಗಳ ಮನೆಗೆ ಬೇರೆಯವಳು ಬಂದಳು. ಅದನ್ನು ಕೇಳಿದ ಮೇಡಂ, "ನೋಡಿದೆಯಾ, ಥಿಯರಿ ಸರಿಯಾಗಿದೆ," ಎಂದರು. ಆ ಭಾನುವಾರ ಮಾತ್ರ ಅವರು ಯಂತ್ರವನ್ನು ಹತ್ತಲಿಲ್ಲ.

ಬೇಸಿಗೆಯಲ್ಲಿ, ತಮ್ಮದೇ ಕಟ್ಟಡದ ಮೆಟ್ಟಿಲುಗಳ ಮೇಲೆ ದಣಿವಾರಿಸಿಕೊಳ್ಳಲು ಕುಳಿತ ಮೇಡಂ ಮತ್ತೆ ಏಳಲಿಲ್ಲ. ಅವರನ್ನು ಕೆಳಗಿಳಿಸಲು ಹೊತ್ತವರು ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಡುತ್ತ ನಿಂತಾಗ, ಹಿಂದಿನಿಂದ ಯಾರೋ, "ಪ್ರೋಗ್ರಾಮ್‌ನಿಂದ ಭಾರೀ ಪ್ರಯೋಜನ ಆಗಿದೆ," ಎಂದರು. ಯಾರೋ ನಗುವನ್ನು ಕೆಮ್ಮಿನಲ್ಲಿ ಅಡಗಿಸಿದರು. ಬದುಕಿದ್ದರೆ ಅದಕ್ಕಿಂತ ಕ್ರೂರವಾದದ್ದನ್ನು ಮೇಡಂ ಅವರೇ ಹೇಳುತ್ತಿದ್ದರು.

ಹೊಸ ಸೆಮಿಸ್ಟರ್ ಆರಂಭವಾಗುವ ಮೊದಲೇ ಅವರ ಪಾಠಗಳಿಗೆ ಬೇರೆಯವಳು ಸಿಕ್ಕಳು. ಅವಳು ನಾನು. ಸೌದೆಯ ಮೊಣಕಾಲಿನ ಅಡುಗೆಯಾಕೆಯ ಮಗಳು ಈಗ ಅದೇ ವಿಧಾನವನ್ನು ಬೋಧಿಸುತ್ತಾಳೆ. ಆ ಸೊನ್ನೆಯ ಸಾಲನ್ನು ಮೊದಲ ದಿನವೇ ತೋರಿಸುತ್ತಾಳೆ. ಅನ್ನವೂ ವಿದ್ಯೆಯೂ ಮೇಡಂ ಅವರಿಂದಲೇ ಬಂದವು.

ಅವರ ಕುರ್ಚಿಯೂ ನನಗೇ ಬಂತು. ಅದು ನನಗೆ ತುಂಬ ಅಗಲ. ಕೈ ಊರಲು ಹೋದಾಗಲೆಲ್ಲ ಮರದ ಮೋಟು ಅಂಗೈಯನ್ನು ಚುಚ್ಚುತ್ತದೆ. ಬದಲಿಸಿಕೊಳ್ಳಿ ಎಂದು ಕಚೇರಿಯ ಗುಮಾಸ್ತರು ಹೇಳುತ್ತಿರುತ್ತಾರೆ: "ಒಂದು ಮಾತು ಹೇಳಿ ಮೇಡಂ, ಸಂಜೆಯೊಳಗೆ ಬೇರೆಯದು ಬರುತ್ತೆ."

ನಾನು ಹೇಳಿಲ್ಲ.