ಕಾಲು ಗಂಟೆಯ ಓದು

ನಾನು ಪಕ್ಕದಲ್ಲಿ ಕೂತುಕೊಳ್ಳಲಿಲ್ಲ. ನನ್ನ ತಂಗಿ ನನ್ನನ್ನು ಒತ್ತಿ ಕೇಳಿದ್ದು ಅದೊಂದೇ. ಕೇಳದೇ ಇದ್ದದ್ದನ್ನೆಲ್ಲ ಮಾಡಿದೆ, ಅದೊಂದನ್ನು ಮಾಡಲಿಲ್ಲ.

ಅವಳ ಮಗಳಿಗೆ ಎಂಟು ವರ್ಷ. ಹೋದ ವರ್ಷದವರೆಗೆ ವ್ಯಾನಿನಲ್ಲಿ ಪೇಟೆಯ ಶಾಲೆಗೆ ಹೋಗುತ್ತಿದ್ದಳು. ಓದುವುದು ನಿಧಾನ ಅಂತ ಅಲ್ಲಿ ದಿನಾ ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸಿದರು, ಮಿಕ್ಕ ಮಕ್ಕಳು ನಕ್ಕರು. ಆಮೇಲಾಮೇಲೆ ವ್ಯಾನಿನ ಹಾರನ್ ಕೇಳಿದರೆ ಸಾಕು, ಮಗು ಜಗಲಿಯ ಮೇಲೇ ವಾಂತಿ ಮಾಡಿಕೊಳ್ಳುತ್ತಿತ್ತು. ತಂಗಿ ಶಾಲೆ ಬಿಡಿಸಿದಳು. ಈ ವರ್ಷ ಮನೆಯಲ್ಲೇ ಕಲಿಯಲಿ, ಓದು ಅಂದರೆ ಇರುವ ಹೆದರಿಕೆ ಹೋಗಲಿ, ಬರುವ ವರ್ಷ ನಮ್ಮೂರ ಸರ್ಕಾರಿ ಶಾಲೆಗೆ ಸೇರಿಸುತ್ತೇನೆ ಅಂದಳು. ಗಂಡ ತೀರಿಹೋದ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ. ರಾಮನಗರದಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಲೆಕ್ಕ, ಬರವಣಿಗೆ ಎಲ್ಲ ಬೆಳಿಗ್ಗೆ ಬಸ್ಸಿಗೆ ಮುಂಚೆ ತಾನೇ ನೋಡಿಕೊಳ್ಳುತ್ತಿದ್ದಳು. ಓದಿಸುವುದು ಮಾತ್ರ ನನ್ನ ಪಾಲಿಗೆ ಬಂತು. ರೇಷ್ಮೆ ಹುಳ ಸಾಕುವವನು ಹಗಲೆಲ್ಲ ಮನೆಯಲ್ಲೇ ಇರುತ್ತಾನಲ್ಲ.

"ಅಣ್ಣಯ್ಯ, ದಿನಾ ಕಾಲು ಗಂಟೆ ಓದ್ಸು, ಸಾಕು. ಅವ್ಳು ನಿಲ್ಲಿಸ್ತೀನಿ ಅಂದ್ರೆ ನಿಲ್ಲಿಸ್ಬುಡು. ಆದ್ರೆ ಪಕ್ಕದಲ್ಲಿ ಕೂತ್ಕೊ. ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ನೀನು ಓದಿ ಹೇಳು."

ಕಾಲು ಗಂಟೆ! ನನಗೆ ಮೈ ಉರಿಯಿತು. ಅಪ್ಪ ನನ್ನನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿ ಹಿಪ್ಪುನೇರಳೆ ತೋಟಕ್ಕೆ ಅಟ್ಟಿದಾಗ ನನಗೆ ಎಷ್ಟು ಹೊತ್ತು ಓದಬೇಕು ಅಂತ ಯಾರೂ ಕೇಳಿರಲಿಲ್ಲ. ತಂಗಿ ಡಿಗ್ರಿ ಮಾಡಿದಳು, ನಾನು ಸೊಪ್ಪು ಕುಯ್ದೆ. ಈಗ ಅವಳ ಮಗಳಿಗೆ ಓದು ಅನ್ನುವುದು ಬಾಣಂತಿಯ ಔಷಧಿ ಥರ ಅಳತೆಯಲ್ಲಿ ಕೊಡುವ ವಸ್ತು ಆಗಿಹೋಯಿತೆ?

ಡೈರಿಗೆ ಹಾಲು ಹಾಕಲು ಹೋದರೆ ಅಲ್ಲೂ ಅದೇ. "ಏನ್ಲಾ, ನಿಮ್ಮ ಹುಳದ ಮನೇಲಿ ಸ್ಕೂಲ್ ತೆಗ್ದಿದ್ದೀರಂತೆ? ನೀನೇ ಎಡ್ಮಾಸ್ಟ್ರಾ?" ಅಂತ ಒಬ್ಬ. "ಮಧ್ಯಾಹ್ನದ ಬಿಸಿಯೂಟ ಐತೇನ್ಲಾ? ನಾವೂ ಸೇರ್ಕೋತೀವಿ," ಅಂತ ಇನ್ನೊಬ್ಬ. ನಕ್ಕು ಬರುತ್ತಿದ್ದೆ. ಆ ಸಿಟ್ಟು ಮನೆಗೆ ಬಂದು ಯಾರ ಮೇಲೆ ಇಳಿಯುತ್ತಿತ್ತು ಅನ್ನುವುದು ಈಗ ನನಗೆ ಚೆನ್ನಾಗಿ ಗೊತ್ತು.

ಮೊದಲ ದಿನ ಪಕ್ಕದಲ್ಲಿ ಕೂತೆ. ಸುಳ್ಳು ಯಾಕೆ ಹೇಳಲಿ, ಆವತ್ತು ಕೂತೆ. ಮಗು ಎರಡು ಸಾಲು ಓದಿ ಪುಸ್ತಕವನ್ನು ನನ್ನ ತೊಡೆಗೆ ಸರಿಸಿ, "ಈಗ ನೀನು, ಮಾವ," ಅಂದಿತು. ಪೇಪರನ್ನು ನಾನು ದಿನಾ ನೋಡುತ್ತೇನೆ, ನಿಧಾನವಾಗಿ ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ. ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಓದಬೇಕು ಅಂದರೆ ನಾಲಿಗೆ ಏಳುವುದಿಲ್ಲ. ಮೊದಲ ಸಾಲಿನಲ್ಲೇ ತಡವರಿಸಿದೆ. ಮಗು ನಗಲಿಲ್ಲ, ಕಾಯುತ್ತಾ ನನ್ನ ಬಾಯಿಯನ್ನೇ ನೋಡುತ್ತಿತ್ತು. ನಕ್ಕಿದ್ದರೆ ಗದರಿ ಎದ್ದು ಹೋಗಬಹುದಿತ್ತು. "ಸೊಪ್ಪು ಹಾಕೋ ಹೊತ್ತಾಯ್ತು, ಆ ಪಾಠ ಪೂರ್ತಿ ಮುಗ್ಸು," ಅಂತ ಎದ್ದು ಹೋದೆ. ಮತ್ತೆ ಕೂರಲೇ ಇಲ್ಲ.

ಕೂರದಿದ್ದಕ್ಕೆ ಪಾಠ ಹೆಚ್ಚಿಸಿದೆ. ಒಂದಿದ್ದದ್ದು ಎರಡಾಯಿತು. ಆಮೇಲೆ ಬೆಳಿಗ್ಗೆ ಎರಡು, ಸಂಜೆ ಎರಡು. ನನಗೆ ಗೊತ್ತಿದ್ದ ಸಾಕಣೆ ಅದೊಂದೇ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ತಿನ್ನುತ್ತದೆ, ಹಾಕಿದಷ್ಟೂ ಗೂಡು ಗಟ್ಟಿಯಾಗುತ್ತದೆ. ಮಗುವಿಗೂ ಹೊರೆಹೊರೆಯಾಗಿ ಓದು ಹಾಕಿದೆ. ಹುಳದ ಮನೆಯಿಂದಲೇ ಕೂಗುತ್ತಿದ್ದೆ: "ಮುಗೀತಾ?" ನಡುಮನೆಯಿಂದ ಸಣ್ಣ ದನಿ: "ಹ್ಞೂ, ಮಾವ." "ಹಂಗಾದ್ರೆ ಇನ್ನೊಂದು ತಗೋ."

ಒಂದು ಮಧ್ಯಾಹ್ನ ಹ್ಞೂ ಬರಲಿಲ್ಲ. ಹೋಗಿ ನೋಡಿದರೆ ಮಗು ನಲ್ಲಿಯ ಹತ್ತಿರ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿತ್ತು. ಪುಸ್ತಕ ಚಾಪೆಯ ಮೇಲೆ ತೆರೆದೇ ಬಿದ್ದಿತ್ತು. ನನಗೆ ಆ ಕ್ಷಣವೇ ಅರ್ಥವಾಯಿತು. ವ್ಯಾನಿನ ಹಾರನ್ನಿಗೆ ಆಗುತ್ತಿದ್ದದ್ದು ಈಗ ನನ್ನ ಕೂಗಿಗೆ ಆಗುತ್ತಿದೆ. ಅರ್ಥವಾದ ಮೇಲೂ ಏನು ಮಾಡಿದೆ? ನೀರು ಸುರಿದು ತೊಳೆದೆ. ಸಂಜೆ ತಂಗಿ, "ಯಾಕೆ ಬಾಡ್ಕೊಂಡವ್ಳೆ?" ಅಂತ ಕೇಳಿದಾಗ, "ಮಾವಿನಕಾಯಿ ತಿಂದವ್ಳೆ," ಅಂದೆ. ಮಗು ನನ್ನ ಮುಖ ನೋಡಿತು, ಸುಮ್ಮನಿತ್ತು. ನನ್ನ ಸುಳ್ಳನ್ನು ಎಂಟು ವರ್ಷದ ಮಗುವಿನ ಕೈಲಿ ಹೊರಿಸಿದೆ. ಆ ಮೌನ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ.

ಭಾನುವಾರ ತಂಗಿ ಒಂದು ಚಿತ್ರದ ಪುಸ್ತಕ ತಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪುಟ ತೆರೆದಳು. ಮಗು ಕೊಸರಿಕೊಂಡು ನಲ್ಲಿಯ ಕಡೆ ಓಡಿತು. ಆಮೇಲೆ ತಂಗಿ ಕೇಳಿದಾಗ ಮಗು ಎಲ್ಲ ಹೇಳಿಬಿಟ್ಟಿತು. ಎಷ್ಟು ಪಾಠ, ಎಷ್ಟು ಹೊತ್ತು, ಮಾವಿನಕಾಯಿಯ ಕಥೆ, ಎಲ್ಲ.

ತಂಗಿ ಹುಳದ ಮನೆಗೆ ಬಂದಳು. ಹುಳ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವ ಆ ಹೊತ್ತಿನಲ್ಲಿ ಅದು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಏನೂ ತಿನ್ನುವುದಿಲ್ಲ.

"ಯಾಕೆ ಇವಕ್ಕೆ ಸೊಪ್ಪು ಹಾಕಿಲ್ಲ?"

"ಜ್ವರಕ್ಕೆ ಕೂತವೆ. ಹಾಕ್ತಾರಾ ಯಾರಾದ್ರೂ?"

"ಹುಳದ ಮೇಲೆ ಅಷ್ಟು ನಿಗಾ ಐತೆ. ನನ್ನ ಮಗಳ ಮೇಲೆ ಒಸೀನಾದ್ರೂ ಇರ್ಬಾರ್ದಾಗಿತ್ತಾ?"

ಆಗಲೇ ತಪ್ಪು ಒಪ್ಪಿಕೊಳ್ಳಬೇಕಿತ್ತು. ನಾನು ಕಿರುಚಿದೆ. "ನೀನು ಓದಿದ್ದು ನಾನು ಕುಯ್ದ ಸೊಪ್ಪಲ್ಲಿ ಕಣೇ! ಕಾಲು ಗಂಟೆಯಂತೆ! ನಂಗ್ಯಾರಾದ್ರೂ ಕಾಲು ಗಂಟೆ ಕೊಟ್ಟಿದ್ರಾ?"

"ಯಾರೂ ಕೊಡ್ಲಿಲ್ಲ," ಅಂದಳು. ದನಿ ಏರಲಿಲ್ಲ. "ನಂಗದು ಗೊತ್ತು. ದಿನಾ ನೆನೀತೀನಿ. ಅದನ್ನ ಅವಳ ಮೇಲೆ ತೀರ್ಸ್ಕೊಂಡ್ಯಾ, ಅಣ್ಣಯ್ಯ?"

ತಿರುಗಿ ಬೈದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಆದರೆ ಅವಳು ಕೇಳಿದ್ದು ನಿಜ. ಅಪ್ಪನ ಮೇಲಿನ ಸಿಟ್ಟು, ಡೈರಿಯಲ್ಲಿ ನಕ್ಕವರ ಮೇಲಿನ ಸಿಟ್ಟು, ನನ್ನ ತಡವರಿಕೆಯ ಮೇಲಿನ ಸಿಟ್ಟು, ಎಲ್ಲವನ್ನೂ ಪಾಠ ಮಾಡಿ ಆ ಮಗುವಿನ ಮುಂದೆ ಸುರಿದಿದ್ದೆ. ಅದು ಹೆಚ್ಚು ಓದಲಿ ಅನ್ನುವ ಆಸೆ ನನಗೆ ಎಲ್ಲಿತ್ತು? ಪುಸ್ತಕ ಹಿಡಿದುಕೊಂಡು ನನ್ನ ಕಡೆ ಬಾರದಿರಲಿ, ಅಷ್ಟೇ ನನಗೆ ಬೇಕಿದ್ದದ್ದು.

ತಂಗಿ ಮಾರನೆಯ ದಿನ ರಜೆ ಹಾಕಿದಳು. ಮಗುವನ್ನು ನನ್ನ ಹತ್ತಿರ ಬಿಟ್ಟು ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಯಾಕೆ ಇರಬೇಕು? ಇಬ್ಬರೂ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದರು. ಪುಸ್ತಕ ಎಲ್ಲೂ ಕಾಣಲಿಲ್ಲ. ನಾನು ಎರಡು ಸಲ ಹೊಸ್ತಿಲವರೆಗೆ ಬಂದು ವಾಪಸು ಹೋದೆ. ಆಮೇಲೆ ಬಂದು ಮಗುವಿನ ಎದುರಿಗೆ ನೆಲದ ಮೇಲೆ ಕೂತೆ. ಅದು ಅಮ್ಮನ ಕಡೆ ಸರಿಯಿತು. ಸರಿದದ್ದನ್ನು ನೋಡಿಕೊಂಡೇ ಹೇಳಿದೆ.

"ನಂಗೆ ಗಟ್ಟಿಯಾಗಿ ಓದಕ್ಕೆ ಬರಲ್ಲ ಕಣವ್ವ. ನಾಚ್ಕೆ ಆಗಿ ಎದ್ದು ಹೋದೆ, ನಿನ್ನ ಮೇಲೆ ಪಾಠ ಹೇರ್ದೆ. ನಿಮ್ಮಮ್ಮಂಗೂ ಸುಳ್ಳು ಹೇಳ್ದೆ. ನಿಂದೇನೂ ತಪ್ಪಿಲ್ಲ, ಎಲ್ಲಾ ನಂದೇ. ತಪ್ಪಾಯ್ತು ಕಣವ್ವ, ನನ್ನ ಕ್ಷಮಿಸ್ಬುಡು."