ಅಮ್ಮನ ಕಣ್ಣಿಗೆ ಮದ್ದು

ದೀಪದ ಎಣ್ಣೆ ಹುಡುಕುತ್ತ ಕಪಾಟಿಗೆ ಕೈ ಹಾಕಿದರೆ ಸಿಕ್ಕಿದ್ದು ಕಣ್ಣಿನ ಮದ್ದಿನ ಖಾಲಿ ಶೀಶೆ. ಹೆಬ್ಬೆರಳಿನಷ್ಟೇ ಇದೆ. ಎಸೆಯಲಿಕ್ಕೆ ಮನಸ್ಸಾಗಲಿಲ್ಲ, ಯಾಕೆಂದು ಹೇಳುತ್ತೇನೆ, ಕೇಳಿ.

ನಾನು ಬೆಳೆದದ್ದು ತಿರುವನಂತಪುರದ ಸರ್ಕಾರಿ ವಸತಿಗೃಹದಲ್ಲಿ. ಹೊಸ್ತಿಲು ದಾಟಿದರೆ ಒಳಗೆಲ್ಲ ಕಾಸರಗೋಡಿನ ಮಡಿ. ತಿಂಗಳಿಗೆ ಮೂರು ದಿನ ನಾನು ‘ಹೊರಗೆ’: ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ. ಮುಟ್ಟಿದವರು ತಲೆಗೆ ಸ್ನಾನ ಮಾಡಬೇಕು. ಹದಿಮೂರರಲ್ಲಿ ಒಮ್ಮೆ, ಹಬ್ಬ ತಪ್ಪಿಹೋಗುತ್ತದೆಂದು, ಸುಳ್ಳು ಹೇಳಿ ದೇವರ ಕೋಣೆಗೆ ಹೋದೆ. ಮರುದಿನ ಅಮ್ಮನಿಗೆ ಜ್ವರ. ಅಮ್ಮನನ್ನು ನಾನೇ ಕೊಲ್ಲುತ್ತಿದ್ದೇನೆಂದು ನಂಬಿ ವಾರವಿಡೀ ಹೊದಿಕೆಯೊಳಗೆ ಅಳುತ್ತಿದ್ದೆ.

ಕೆಲಸ ಸಿಕ್ಕಿ ಕೊಚ್ಚಿಗೆ ಬಂದದ್ದೇ ದೇವರನ್ನೂ ಚಾಪೆಯನ್ನೂ ಒಟ್ಟಿಗೆ ಬಿಟ್ಟೆ. ಎಷ್ಟೋ ವರ್ಷಗಳ ಮೇಲೆ, ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದ ಈ ಫ್ಲ್ಯಾಟಿನಲ್ಲಿ ಒಂದು ಸಂಜೆ ಸುಮ್ಮನೆ ದೀಪ ಹಚ್ಚಿ ಕುಳಿತೆ. ಮಂತ್ರವಿಲ್ಲ, ಬೇಡಿಕೆಯಿಲ್ಲ, ದಿನ ನೋಡುವುದಿಲ್ಲ. ಸಮಾಧಾನವಾಯಿತು. ಅಂದಿನಿಂದ ಬಿಟ್ಟಿಲ್ಲ. ಅಮ್ಮನಿಗೆ ಮಾತ್ರ ಹೇಳಿರಲಿಲ್ಲ. ಕಚೇರಿಯ ಕೇಸುಗಳಿಗೆ ಪುಟಗಟ್ಟಲೆ ವಾದ ಬರೆಯುವವಳ ಧೈರ್ಯ ಅಷ್ಟೇ!

ಹೋದ ವರ್ಷ ಅಮ್ಮ ತಿರುವನಂತಪುರದ ಅಣ್ಣನ ಮನೆಯಿಂದ ಕಣ್ಣಿನ ಪೊರೆ ತೆಗೆಸಲಿಕ್ಕೆ ನನ್ನಲ್ಲಿಗೆ ಬಂದಳು. “ತಲ ನನಕ್ಕರುದ್ ಕೇಟ್ಟೋ, ಅಮ್ಮೇ” ಎಂದು ನರ್ಸ್ ಹೇಳಿ ಕಳಿಸಿದಳು. ಎರಡು ವಾರ ತಲೆಗೆ ನೀರು ಕೂಡದು. ನಾಲ್ಕು ಗಂಟೆಗೊಮ್ಮೆ ಮದ್ದು ಬಿಡಬೇಕು. ಮನೆಯಲ್ಲಿ ನಾವಿಬ್ಬರೇ. ಮೂರನೆಯ ದಿನ ಬೆಳಿಗ್ಗೆ ನಾನು ಹೊರಗಾದೆ.

ಮುಟ್ಟಿದರೆ ಅಮ್ಮ ಸ್ನಾನವಿಲ್ಲದೆ ಮೈಲಿಗೆಯಲ್ಲೇ ದಿನ ತಳ್ಳಬೇಕು. ಮುಟ್ಟದಿದ್ದರೆ ಕಣ್ಣು ಹೋದೀತು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆಮೇಲೆ ಕಣ್ಣಿಗೆ ಏನಾದರೂ ಆದರೆ? ನಂಬಿಕೆ ಬಿಟ್ಟರೂ ಹದಿಮೂರರ ಭಯ ಬಿಟ್ಟುಹೋಗಿರಲಿಲ್ಲ. ಎಂಟು ಗಂಟೆಯ ಮದ್ದಿಗೆ ಹತ್ತು ನಿಮಿಷವಿತ್ತು. ಇನ್ನೊಂದು ಸುಳ್ಳು ನನ್ನಿಂದಾಗಲಿಲ್ಲ.

“ಅಮ್ಮಾ, ನಾನು ಹೊರಗೆ. ಹೀಗಿರುವಾಗಲೂ ನಾನು ದೀಪ ಹಚ್ಚುದು. ಇವತ್ತೂ ಹಚ್ತೇನೆ.”

ಕಪ್ಪು ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ. ಎಂಟು ಹೊಡೆಯಿತು. ಅಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಎದ್ದು ಹೋಗುತ್ತಾಳೆಂದುಕೊಂಡೆ.

ತಲೆಯನ್ನು ಗೋಡೆಗೆ ಆನಿಸಲಿಕ್ಕೆ ಸರಿಸಿದ್ದಷ್ಟೇ. ಕನ್ನಡಕ ತೆಗೆದು ಮುಖ ಮೇಲೆತ್ತಿದಳು. “ಹೊತ್ತು ಮೀರ್ತದೆ. ಮದ್ದು ಬಿಡುದಿಲ್ವಾ?”

ಮುಟ್ಟದೆ ಮೇಲಿನಿಂದ ಬಿಟ್ಟ ಮೊದಲ ಹನಿ ಕೆನ್ನೆಗೆ ಬಿತ್ತು.

“ದೂರದಿಂದ ಬಿಟ್ರೆ ಹಾಗೇ ಆಗುದು. ಗಲ್ಲ ಹಿಡ್ಕೊ.”

ಹಿಡಿದೆ. ಗೊತ್ತಿದ್ದೂ ಅಮ್ಮ ಮುಟ್ಟಿಸಿಕೊಂಡದ್ದು ಅದೇ ಮೊದಲು. ಸಂಜೆ ನಾನು ದೀಪ ಹಚ್ಚಿದಾಗ ಅವಳು ಕೋಣೆಯಿಂದ ಈಚೆ ಬರಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಅಮ್ಮ ಬದಲಾದಳೆಂದು ತಿಳಿಯಬೇಡಿ. ಅಣ್ಣನ ಮನೆಯಲ್ಲಿ ಆ ಚಾಪೆ ಈಗಲೂ ಮೂಲೆಯಲ್ಲಿದೆ. ನಾಳೆ ಅವಳು ಇನ್ನೊಂದು ಕಣ್ಣಿನ ಆಪರೇಶನ್ನಿಗೆ ಬರುತ್ತಿದ್ದಾಳೆ. ಇವತ್ತೂ ನಾನು ಹೊರಗೆ. ಫೋನಿನಲ್ಲಿ ಹೇಳಿಬಿಟ್ಟೆ.

“ಆಯ್ತು, ಸ್ಟೇಶನ್ನಿಗೆ ಬಾ,” ಎಂದಳು.

ಶೀಶೆಯನ್ನು ದೀಪದ ಪಕ್ಕದಲ್ಲಿಟ್ಟು ಬತ್ತಿ ಹೊತ್ತಿಸಿದೆ. ಇಷ್ಟು ವರ್ಷ ಏನನ್ನೂ ಬೇಡದಿದ್ದವಳು ಅಮ್ಮನ ಕಣ್ಣು ಚೆನ್ನಾಗಿರಲಿ ಎಂದು ಬೇಡಿಕೊಂಡೆ. ಹೆದರಿಕೆಯಾಗಲಿಲ್ಲ.